ಎಡಕ್ಕೆ ಸುತ್ತಿದ ಕೌದಿ

ಕುರುಗೋಡಿನಿಂದ ಫೋನ್ ಮಾಡಿದ ಹೆಂಗಸು, "ನಿಮ್ಮ ಎಡಗೈ ಮುದುಕಿ ಹೋತ್ರಿ" ಅಂದಳು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಊರಿನ ಎಷ್ಟೋ ಮನೆಗಳಿಗೆ ಕೌದಿ ಹೊಲಿದುಕೊಟ್ಟವಳು, ಒಂದು ಮಾತಿಗೆ ನಾಲ್ಕು ಮಾತು ತಿರುಗಿಸಿ ಕೊಟ್ಟು ಬದುಕಿದವಳು. ಅವಳು ಸತ್ತ ದಿನವೂ ಊರಿನ ಕಣ್ಣಿಗೆ ಬಿದ್ದದ್ದು ಆ ಒಂದು ಕೈ ಮಾತ್ರ. ಮುದುಕಿಗೆ ಬಲಗೈಯೂ ಇತ್ತು ಎಂದು ಜೋರಾಗಿಯೇ ಹೇಳಿದೆ. ಆ ಕಡೆಯವಳಿಗೆ ಅರ್ಥವಾದಂತೆ ಕಾಣಲಿಲ್ಲ. ಎಷ್ಟು ಹೊತ್ತಿಗೆ ಮಣ್ಣು ಎಂದು ತಿಳಿಸಿ ಫೋನ್ ಇಟ್ಟಳು.

ಹೋಗಿ ಆ ಮನೆಯ ಹೆಂಗಸರ ನಡುವೆ ಕೂತು ಬಂದೆ. ಅಲ್ಲಿ ಎಲ್ಲರೂ ಆಕೆಯನ್ನು ಹೊಗಳಿದರು. ಸಮಾಧಾನದ ಜೀವ, ಯಾರಿಗೂ ಎದುರಾಡಿದವಳಲ್ಲ, ತಾನಾಯಿತು ತನ್ನ ಸೂಜಿಯಾಯಿತು ಎಂದು ಇದ್ದವಳು ಅಂದರು. ಇದು ಶುದ್ಧ ಸುಳ್ಳು. ಸತ್ತವರನ್ನು ಸಾಧು ಮಾಡಿ ಕಳಿಸುವುದು ಜನರಿಗೆ ಅನುಕೂಲವಿರಬಹುದು, ಆದರೆ ಆಕೆ ಅಷ್ಟು ಸುಲಭಕ್ಕೆ ಸಿಗುವ ಹೆಂಗಸಲ್ಲ. ನನಗೆ ಗೊತ್ತಿದ್ದವಳು ಎದುರಾಡಿದವಳೇ. ಅವಳ ಸೂಜಿ ಕೂಡ ಎದುರಿನಿಂದಲೇ ಬರುತ್ತಿತ್ತು. ಅದನ್ನು ಯಾರಾದರೂ ಬರೆದಿಡಬೇಕಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಆಕೆಯ ಹತ್ತಿರ ಹೋದದ್ದು ಹಟಕ್ಕೆ ಬಿದ್ದು. ನನ್ನ ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಅವಳ ಚೊಚ್ಚಲ ಬಸಿರಿನ ಕುಬಸದ ದಿನ ಬೀಗಿತಿ, ನಾಲ್ಕು ಜನ ಮುತ್ತೈದೆಯರ ನಡುವೆ, ನಿಮ್ಮ ಕಡೆಯಿಂದ ತೊಟ್ಟಿಲಿಗೆ ಕೌದಿ ಬರುತ್ತದೋ ಅಂಗಡಿಯ ಬ್ಲಾಂಕೆಟ್ ಬರುತ್ತದೋ ಎಂದು ಕೇಳಿ ನಕ್ಕರು. ಬೀಗಿತಿಯ ತವರು ರಾರಾವಿ. ಕೌದಿ ಹೊಲಿಯುವುದರಲ್ಲಿ ಅವರದು ಪಳಗಿದ ಕೈ. ನಾನೋ, ಅಂಗಿಯ ಗುಂಡಿ ಬಿದ್ದರೆ ಪಕ್ಕದ ಮನೆಯವರನ್ನು ಕರೆಯುವವಳು. ಅದು ಅವರಿಗೂ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ, "ಕೌದಿನಾ ಬರತೈತಿ, ನಾನಾ ಹೊಲೀತೀನಿ" ಎಂದು ನನ್ನ ಬಾಯಿಂದ ಬಂದುಹೋಯಿತು.

ಬಳ್ಳಾರಿಯಲ್ಲಿ ಹೊಲಿಗೆ ಮಷಿನ್ನಿನ ಸದ್ದು ಕೇಳದ ಓಣಿ ಕಡಿಮೆ. ಜೀನ್ಸ್ ಪ್ಯಾಂಟು ಹೊಲಿದು ದೇಶಕ್ಕೆಲ್ಲ ಕಳಿಸುವ ಊರಿದು. ಆದರೆ ಕೈಯಲ್ಲಿ ಕೌದಿ ಹೊಲಿಯುವುದನ್ನು ಕಲಿಸುತ್ತೀರಾ ಎಂದರೆ ಎಲ್ಲರೂ ನನ್ನ ಮುಖ ನೋಡುವವರೇ. ಕೊನೆಗೆ ಕಂಟೋನ್ಮೆಂಟಿನ ನಮ್ಮ ಮನೆಗೆ ಕೆಲಸಕ್ಕೆ ಬರುವ ಕುರುಗೋಡಿನ ಹುಡುಗಿ, ತಮ್ಮೂರಲ್ಲಿ ಪಿಂಜಾರರ ಮುದುಕಿಯೊಬ್ಬಳಿದ್ದಾಳೆ, ಕಲಿಸಬಹುದು, ಆದರೆ ಆಕೆ ಎಡಗೈಯವಳು ಎಂದು ದನಿ ಇಳಿಸಿ ಹೇಳಿದಳು. ಯಾವ ಕೈಯಾದರೇನು, ಹೊಲಿಗೆ ಬಿದ್ದರೆ ಸಾಕು ಅಂದೆ. ದನಿ ಯಾಕೆ ಇಳಿಸಿದಳು ಎಂದು ಆಗ ಕೇಳಬೇಕಿತ್ತು, ಕೇಳಲಿಲ್ಲ.

ಬಸ್ಸಿಳಿದು, ದೊಡ್ಡ ಬಸವಣ್ಣನ ಗುಡಿಯ ದಾರಿ ಬಿಟ್ಟು ಒಳಕ್ಕೆ ನಡೆದರೆ ಆಕೆಯ ಮನೆ. ಗಂಡ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವನು, ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಸೊಸೆ ಜೊತೆಗಿದ್ದರು. ಆಕೆ ಉದ್ದ ಆಳು, ಒಣಗಿದ ಮೈ, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ ಇಲ್ಲವೇ ಸೂಜಿ. ಎರಡೂ ಇಲ್ಲದಾಗ ಬೈಗುಳ. ನಾನು ಮೊದಲ ದಿನ ಬುದ್ಧಿವಂತಿಕೆ ಮಾಡಿ, ನಮ್ಮ ಓಣಿಯ ಹೊಲಿಗೆಯವರ ಹತ್ತಿರ ಜೀನ್ಸಿನ ಕಟ್‌ಪೀಸುಗಳನ್ನು ಚೀಲ ತುಂಬಿಸಿಕೊಂಡು ಹೋಗಿದ್ದೆ. ಗಟ್ಟಿ ಬಟ್ಟೆ, ಬಹಳ ವರ್ಷ ಬಾಳುತ್ತದೆ ಎಂದು ನನ್ನ ಲೆಕ್ಕ. ಆಕೆ ಒಂದು ತುಂಡು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, "ಇದನ್ನ ಕೂಸಿಗೆ ಹಾಸ್ತೀರೋ, ಲಾರಿಗೆ ಹೊದಸ್ತೀರೋ?" ಅಂದಳು. ಒಳಗಿದ್ದ ಸೊಸೆ ಕಿಸಕ್ಕನೆ ನಕ್ಕಳು. ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿದೆ.

ಮುಂದಿನ ಸಲ ಹಳೆಯ ನೂಲಿನ ಸೀರೆಗಳನ್ನು ಒಯ್ದೆ. ಒಗೆದು ಒಗೆದು ಮೆತ್ತಗಾದವು ಮಾತ್ರ ಆಗಬೇಕು, ಜಾರುವ ಸೀರೆ ಒಂದೂ ನಡೆಯುವುದಿಲ್ಲ. ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬಂದು ಮುಗಿಸುವುದು. ಕೌದಿ ಎಂದರೆ ಇಷ್ಟೇ. ಹೇಳುವುದಕ್ಕೆ ಇಷ್ಟೇ, ಮಾಡಹೋದರೆ ಬೆರಳಿನ ತುದಿಯೆಲ್ಲ ತೂತು. ಆಕೆ ಬಟ್ಟೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ಎಡಗೈಯಲ್ಲಿ ಸರಸರ ಹೊಲಿಯುತ್ತ ಹೋಗುತ್ತಿದ್ದಳು. ನಾನು ಹೊಲಿದ ಸಾಲನ್ನು ನೋಡಿ ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಲಿಲ್ಲ. ಕುಂಟುತ್ತಿದೆ ಎಂದು ಹೇಳಿ, ಕತ್ತರಿಯನ್ನೂ ಹುಡುಕದೆ, ಹಲ್ಲಿನಿಂದಲೇ ದಾರ ಕಡಿದು ಎಳೆದುಹಾಕುತ್ತಿದ್ದಳು.

ಆಕೆ ಯಾರು ಎಂದು ನನಗೆ ತಿಳಿದದ್ದು ಮೊಣಕೈಗೆ ಪೆಟ್ಟು ಬಿದ್ದಾಗ. ಕಲಿಯುವವಳು ಕಲಿಸುವವಳ ಮಗ್ಗುಲಲ್ಲಿ ಕೂರಬೇಕೆಂದು ನಾನು ಆಕೆಯ ಬಲಕ್ಕೆ ಕೂತಿದ್ದೆ. ಬಲಗೈಯವರ ಹೊಲಿಗೆ ಬಲದಿಂದ ಎಡಕ್ಕೆ ಹೋಗುತ್ತದೆ, ಎಡಗೈಯವರದು ಎಡದಿಂದ ಬಲಕ್ಕೆ. ಹಾಗಾಗಿ ನಾನು ಆಕೆಯ ಕಡೆಗೆ ಹೋಗುತ್ತಿದ್ದೆ, ಆಕೆ ನನ್ನ ಕಡೆಗೆ ಬರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೊಣಕೈಗೆ ಮೊಣಕೈ ಬಡಿಯಿತು. ಆಕೆ ಸೂಜಿ ಕೆಳಗಿಟ್ಟು, "ನೀವೂ ಎದ್ದು ಹೋಗು ಅಂತೀರೇನು?" ಎಂದು ಕೇಳಿದಳು. ತನ್ನದೇ ಮನೆಯಲ್ಲಿ ಕೂತು ಯಾಕೆ ಹಾಗೆ ಕೇಳುತ್ತಾಳೆ ಎಂದು ನನಗೆ ಗೊತ್ತಾಗಲಿಲ್ಲ. ಕೈ ನೋಯುತ್ತಿತ್ತು, ನಾನೇ ಎದ್ದು ಕೌದಿಯ ಆ ಕಡೆ ಹೋಗಿ ಆಕೆಯ ಎದುರಿಗೆ ಕೂತು ಹೊಲಿಯತೊಡಗಿದೆ. ಕನ್ನಡಿಯಲ್ಲಿ ನೋಡಿಕೊಂಡಂತಾಯಿತು. ಆಕೆಯ ಎಡಗೈ ಹೋದ ಕಡೆಗೇ ನನ್ನ ಬಲಗೈ ಹೋಗುತ್ತಿತ್ತು. ಇಬ್ಬರೂ ಒಂದೇ ಮಗ್ಗುಲಿಂದ ಹೊರಟು, ಆಕೆ ಒಂದು ಮೂಲೆ ತಿರುಗಿ, ನಾನು ಇನ್ನೊಂದು ಮೂಲೆ ತಿರುಗಿ, ಆಚೆ ಮಗ್ಗುಲ ನಡುವೆ ಎದುರುಬದುರಾಗಿ ಬಂದು ಕೂಡಿಕೊಂಡೆವು. ಆಕೆ ಎರಡು ದಾರದ ತುದಿಗಳನ್ನು ಸೇರಿಸಿ ಗಂಟು ಹಾಕಿದಳು. ಆಮೇಲೆ ಬಹಳ ಹೊತ್ತು ಆ ಗಂಟನ್ನೇ ಸವರುತ್ತ ಕೂತಳು.

ಅವತ್ತು ಹೇಳಿದಳು. ನಮ್ಮ ಕಡೆ ಕೌದಿ ಒಬ್ಬರೇ ಹೊಲಿಯುವ ಕೆಲಸವಲ್ಲ. ಓಣಿಯ ಹೆಂಗಸರು ಸುತ್ತ ಕೂತು, ಎಲ್ಲರೂ ಒಂದೇ ಕಡೆ ಸರಿಯುತ್ತ ಹೊಲಿಯುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಸೂಜಿ ಹಿಡಿದು ಆ ಗುಂಪಿನಲ್ಲಿ ಕೂತಳಂತೆ. ಎಲ್ಲರೂ ಹೋಗುತ್ತಿದ್ದ ಕಡೆಯಿಂದ ಈಕೆ ಎದುರು ಬಂದಳು. ಮಗ್ಗುಲಿನವಳು ಎದ್ದು ಹೋಗು ಅಂದಳು. ಚಿಕ್ಕಂದಿನಲ್ಲಿ ತಾಯಿ ಎಡಗೈಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು, ಸಾಲಿಯ ಮಾಸ್ತರ ಅದೇ ಕೈ ನೋಡಿ ಬೆತ್ತ ಎತ್ತುತ್ತಿದ್ದ. ಅದನ್ನೆಲ್ಲ ಆಕೆ ನಗುತ್ತ ಹೇಳಿದಳು. ಆದರೆ ಕೌದಿಯಿಂದ ಎಬ್ಬಿಸಿದ್ದನ್ನು ಹೇಳುವಾಗ ನಗಲಿಲ್ಲ. ಅಂದಿನಿಂದ ಒಬ್ಬಳೇ ಹೊಲಿದಳು. ಊಟಕ್ಕೆ ಮಾತ್ರ ತಪ್ಪದೆ ಬಲಗೈ. "ಉಣ್ಣೋದು ದೇವರ ಪದ್ಧತಿ, ಬಲಗೈಲೇ ಉಣತೀನಿ. ದುಡಿಯೋದು ನನ್ನ ಪದ್ಧತಿ" ಅನ್ನುತ್ತಿದ್ದಳು.

ಆಕೆಯ ಕೌದಿಗಳಿಗೆ ಗಿರಾಕಿಗಳಿಗೇನೂ ಕೊರತೆ ಇರಲಿಲ್ಲ. ಮುದುಕರಿಗೆ ಹೊದೆಯಲು, ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ, ಮಂಚಕ್ಕೆ, ಸೋಫಾಕ್ಕೆ ಎಲ್ಲರೂ ಒಯ್ಯುತ್ತಿದ್ದರು. ತೊಟ್ಟಿಲಿಗೆ ಮಾತ್ರ ಬೇಡ. ಹಿಂದೂಗಳ ಮನೆಯಲ್ಲಿ, ಈ ಕೌದಿ ಅಪ್ರದಕ್ಷಿಣೆ ಸುತ್ತಿದೆ, ಹೆಣಕ್ಕೆ ಸುತ್ತು ಹಾಕುವುದು ಹಾಗೆ, ಹಸುಗೂಸಿನ ಕೆಳಗೆ ಹಾಸಬಾರದು ಅನ್ನುತ್ತಿದ್ದರು. ತನ್ನವರಾದ ಮುಸ್ಲಿಮರ ಮನೆಯಲ್ಲಿ, ಎಡಗೈ ಮುಟ್ಟಿದ್ದು ಕೂಸಿಗೆ ಬೇಡ ಅನ್ನುತ್ತಿದ್ದರು. ಆಕೆ ಮಾತ್ರ, ಉಳಿದ ವಿಷಯಕ್ಕೆಲ್ಲ ಎರಡು ದಾರಿ ಹಿಡಿಯುವ ಜನ ನನ್ನ ಕೈ ಕಂಡ ಕೂಡಲೇ ಒಂದೇ ಜಾತಿಯಾಗುತ್ತಾರೆ ಎಂದು ಎಲೆ ಅಡಿಕೆ ಉಗಿದು ಬರುತ್ತಿದ್ದಳು. ಆಕೆಯ ಸ್ವಂತ ಮೊಮ್ಮಗಳ ತೊಟ್ಟಿಲಿಗೂ ಸೊಸೆಯ ತವರಿನಿಂದ ಬೇರೆ ಕೌದಿ ಬಂದಿತ್ತಂತೆ.

ಒಮ್ಮೆ ನಾನು ಅಲ್ಲಿರುವಾಗಲೇ, ಹಜ್‌ಗೆ ಹೋಗಿ ಬಂದ ಓಣಿಯ ಹಿರಿಯರೊಬ್ಬರು ಜಗಲಿಯ ಮೇಲೆ ಕೂತು ಅಲ್ಲಿಯ ವಿಷಯ ಹೇಳುತ್ತಿದ್ದರು. ಕಾಬಾವನ್ನು ಎಡ ಮಗ್ಗುಲಿಗೆ ಇಟ್ಟುಕೊಂಡು ಹೇಗೆ ಸುತ್ತಿದೆವೆಂದು ಕೈಯಾಡಿಸಿ ತೋರಿಸಿದರು. ಆಕೆ ಹೊಲಿಗೆ ಬಿಟ್ಟು ಹೊಸ್ತಿಲಿಗೆ ಬಂದಳು. ಇನ್ನೊಮ್ಮೆ ತೋರಿಸಿರಿ ಅಂದಳು. ಅವರು ತೋರಿಸಿದರು. "ಅಂದ್ರ ನಾ ಹೊಲಿಯೋ ಕಡೀನ ಅಲ್ಲೇನ್ರಿ ಹಾಜೀಸಾಬ್ರ?" ಎಂದು ಕೇಳಿದಳು. ಅವರಿಗೆ ಕಸಿವಿಸಿಯಾಯಿತು. ಅದು ಬೇರೆ, ಇದು ಬೇರೆ, ಎರಡನ್ನೂ ಕೂಡಿಸಿ ಮಾತಾಡಬಾರದು ಎಂದು ತಿಳಿಹೇಳಿದರು. ಆಕೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, "ಬ್ಯಾರೇನಾ ಇರ್ಲಿ ಬಿಡ್ರಿ. ಕಡಿ ಮಾತ್ರ ನಂದಾ" ಅಂದಳು. ಒಳಗೆ ಬಂದು ಅವತ್ತಿಡೀ ಗುನುಗುತ್ತ ಹೊಲಿದಳು.

ಹಾಗೆಂದು ಹೊಗಳಿದವರನ್ನು ಬಿಟ್ಟಳೆಂದಲ್ಲ. ಹಂಪಿಯ ಕಡೆ ಪ್ರವಾಸಿಗರಿಗೆ ಬಟ್ಟೆಬರೆ ಮಾರುವ ಒಬ್ಬಾಕೆ ಕಾರಿನಲ್ಲಿ ಬಂದು, ಈ ಉಲ್ಟಾ ಹೊಲಿಗೆ ಬಹಳ ಅಪರೂಪದ ಡಿಜೈನು, ಗೋಡೆಗೆ ತೂಗುಹಾಕುವಂಥದ್ದು ಎಂದು ಕೊಂಡಾಡಿದಳು. ಮುದುಕಿ ತನ್ನ ಎಡಗೈಯನ್ನು ಅಂಗೈ ಮೇಲಾಗಿ ಚಾಚಿ ತೋರಿಸಿ, "ಇದು ಡಿಜೈನ್ ಅಲ್ಲವ್ವಾ, ಕೈ" ಅಂದಳು. ಗೋಡೆಗೆ ಚಳಿಯಾಗುವುದಿಲ್ಲ, ಗೋಡೆಗೆ ಕೌದಿ ಕೊಡುವುದಿಲ್ಲ ಎಂದು ಕಳಿಸಿಬಿಟ್ಟಳು. ಕಾರು ಹೋದ ಮೇಲೆ ಸೊಸೆಗೂ ಆಕೆಗೂ ಜಗಳವಾಯಿತು. ಮನೆ ಬಾಗಿಲಿಗೆ ಬಂದ ದುಡ್ಡನ್ನು ಬಿಡುತ್ತಾರೇನು ಎಂಬ ಸೊಸೆಯ ಮಾತಿನಲ್ಲೂ ಅರ್ಥವಿತ್ತು, ಆದರೆ ಗೆದ್ದದ್ದು ಅತ್ತೆಯೇ.

ಆಕೆಯ ಮೇಲಿನ ಅಭಿಮಾನಕ್ಕೆ ನಾನೊಂದು ದಡ್ಡತನ ಮಾಡಿದೆ. ಒಂದು ದಿನ ಸೂಜಿಯನ್ನು ಎಡಗೈಗೆ ಬದಲಾಯಿಸಿ ಆಕೆಯ ಹಾಗೆಯೇ ಹೊಲಿಯಲು ಹೊರಟೆ. ಮೆಚ್ಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಆಕೆ ನನ್ನ ಕೈ ಮೇಲೆ ಪಟ್ಟನೆ ಹೊಡೆದಳು. ಹೆರಿಗೆಯ ವಯಸ್ಸಿನ ಮಗಳಿರುವ ಹೆಂಗಸಿಗೆ ಏಟು! "ನನ್ನ ಕೈ ಕಟ್ಟಿದ್ರು, ಈಗ ನಿಮ್ಮ ಕೈ ನಾ ಕಟ್ಲೇನು? ಯಾರ ಕೈ ಯಾವ ಕಡಿ ಹೋಗತೈತೋ ಆ ಕಡಿ ಹೋಗ್ಲಿ" ಅಂದಳು. ಅದು ಬುದ್ಧಿಮಾತಿನ ದನಿಯಲ್ಲ, ಸಿಟ್ಟಿನ ದನಿ. ನಾನು ಸೂಜಿಯನ್ನು ಬಲಗೈಗೆ ತೆಗೆದುಕೊಂಡೆ.

ಹೀಗೆ ನನ್ನ ಮಗಳ ಕೂಸಿನ ಕೌದಿ ಅರ್ಧ ಆಕೆಯ ಕೈಯಲ್ಲಿ, ಅರ್ಧ ನನ್ನ ಕೈಯಲ್ಲಿ ಬೆಳೆಯಿತು. ಪ್ರತಿ ಸುತ್ತಿಗೂ ಒಂದು ಕಡೆ ಬೇರೆಯಾಗಿ ಇನ್ನೊಂದು ಕಡೆ ಕೂಡುತ್ತಿದ್ದೆವು. ನನ್ನ ಅರ್ಧ ಸೊಟ್ಟ, ಆಕೆಯದು ನೆಟ್ಟಗೆ. ಯಾವುದು ಯಾರದೆಂದು ಯಾರಿಗೂ ಹೇಳಿಕೊಡುವುದೇ ಬೇಕಿರಲಿಲ್ಲ. ಮುಗಿಸುವ ದಿನ ಆಕೆ ಒಂದು ತುಂಡು ಒಣ ರೊಟ್ಟಿ ತಂದು ನಡುವಿನ ಪದರದಲ್ಲಿಟ್ಟು ಹೊಲಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರಿಗೆ ಹಸಿವು ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಲ್ಲೂ ಇದೆ. ಆಮೇಲೆ ಕೌದಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಕೊಡಲಿಲ್ಲ.

"ಅಕ್ಕಾರ, ಒಂದ್ ಮಾತು," ಅಂದಳು. "ಇಷ್ಟು ಕೌದಿ ಹೊಲ್ದೀನಿ, ಒಂದರ ಮ್ಯಾಲೂ ಹಸಗೂಸು ಮಲಗಿಲ್ಲ. ಇದರ ಮ್ಯಾಲ ಮಲಗಬೇಕು. ಆದರ ಕದ್ದು ಅಲ್ಲ. ಯಾರು ಹೊಲ್ದಾರ, ಯಾವ ಕೈಲಿ ಹೊಲ್ದಾರ ಅಂತ ಹೇಳಿ ಹಾಸ್ರಿ. ಸುಳ್ಳು ಹೇಳಿ ಹಾಸೋದಾದ್ರ ಈಗಲಾ ಬಿಟ್ಟು ಹೋಗ್ರಿ."

ನಾನು ತಕ್ಷಣ ಹೂಂ ಅಂದೆನೆಂದು ಬರೆದರೆ ಅದೂ ಒಂದು ಸುಳ್ಳೇ. ನಾನು ಒಂದು ದಿನ ವೀರಾವೇಶ ತೋರಿಸಿ ಬಸ್ ಹತ್ತಿ ಬರಬಹುದು. ಆ ಮನೆಯಲ್ಲಿ ಬಾಳಬೇಕಾದವಳು ನನ್ನ ಮಗಳು. ಬೀಗಿತಿಯ ಕಣ್ಣಿಗೆ ಆ ಹೊಲಿಗೆ ಬೀಳದೆ ಇರುವುದಿಲ್ಲ, ಬಿದ್ದರೆ ಸುಮ್ಮನಿರುವುದೂ ಇಲ್ಲ. ನಾನು ಮಗಳನ್ನೇ ಕೇಳುತ್ತೇನೆ ಅಂದೆ. ಆಕೆ ಒಪ್ಪಿ ಕೌದಿ ಕೊಟ್ಟಳು. ಬಾಣಂತನಕ್ಕೆ ನಮ್ಮಲ್ಲಿ ಬಂದಿದ್ದ ಮಗಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕೌದಿಯನ್ನು ಕೆನ್ನೆಗೆ ಒತ್ತಿ ನೋಡಿ, ಮೆತ್ತಗಿದೆಯಲ್ಲ, ತಗೊಂಡು ಹೋಗೋಣ ಅಂದಳು. ಅಷ್ಟೇ ಅಂದದ್ದು. ಅವಳಿಗೆ ವಿಷಯದ ಭಾರ ತಿಳಿಯಿತೋ ಇಲ್ಲವೋ ಎಂದು ನನಗೆ ಅನುಮಾನವೇ ಇತ್ತು.

ಕೂಸಿಗೆ ಐದನೇ ತಿಂಗಳು ನಡೆಯುವಾಗ ತೊಟ್ಟಿಲ ಸಮೇತ ತಾಯಿ ಮಗುವನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದೆವು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿ, ಅಲ್ಲಿಯವರೆಗೆ ಮಡಿಚಿಟ್ಟಿದ್ದ ಕೌದಿ ಹಾಸಿ, ಆರತಿ ಮಾಡಿ ಕೂಸನ್ನು ಮಲಗಿಸಿದರು. ಹೆಂಗಸರ ಹಾಡು ಮುಗಿಯುವ ಹೊತ್ತಿಗೆ ಬೀಗಿತಿ ಬಗ್ಗಿ ಕೌದಿಯ ಅಂಚನ್ನು ಹಿಡಿದರು. ಗಂಟುಗಳ ಮೇಲೆ ಬೆರಳಾಡಿಸುತ್ತ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋದರು. ಕೆಲಸ ಗೊತ್ತಿದ್ದವರ ಬೆರಳು ಅದು. ಅರ್ಧಕ್ಕೆ ಬಂದು ನಿಂತಿತು. ಇದರಲ್ಲಿ ಅರ್ಧ ಉಲ್ಟಾ ಬಂದಿದೆ, ಯಾರು ಹೊಲಿದದ್ದು ಎಂದು ಕೇಳಿದರು.

ನಾನು ಕಲಿಯುವವಳು, ಕೈ ತಪ್ಪಿತು ಎಂದಿದ್ದರೆ ನಕ್ಕು ಬಿಡುತ್ತಿದ್ದರು. ನಾನು ಆಕೆಯ ಹೆಸರು ಹೇಳಿದೆ. ಊರು ಹೇಳಿದೆ. ಸೊಟ್ಟಗಿರುವುದು ನನ್ನದು, ನೆಟ್ಟಗಿರುವುದು ಆಕೆಯದು, ಎಡಗೈಯಲ್ಲಿ ಹೊಲಿದದ್ದು ಅಂದೆ. ನೆರೆದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬೀಗಿತಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಕೂಸನ್ನು ಎತ್ತಿ ಮಗ್ಗುಲಿನವರ ಕೈಗೆ ಕೊಟ್ಟು, ಕೌದಿಯನ್ನು ತೆಗೆದು ಅಂದವಾಗಿ ಮಡಿಚಿದರು. "ತಪ್ಪು ತಿಳ್ಕಬ್ಯಾಡ್ರಿ. ಕೌದಿ ಚಲೋ ಐತಿ, ದೊಡ್ಡೋರಿಗೆ ಹೊದಿಯಾಕ ಆಗತೈತಿ. ಕೂಸಿಗೆ ಬ್ಯಾಡ" ಅಂದರು. ಕುರುಗೋಡಿನ ಆ ಹೊಸ್ತಿಲಲ್ಲಿ ನಿಂತು ಜನ ವರ್ಷಗಟ್ಟಲೆ ಹೇಳಿದ್ದು ಇದನ್ನೇ, ಇಷ್ಟೇ ನಯವಾಗಿ.

ಮಣೆಯ ಮೇಲೆ ಕೂತಿದ್ದ ಮಗಳು ಎದ್ದಳು. ಅತ್ತೆಯ ಕೈಯಿಂದ ಕೌದಿಯನ್ನು ತೆಗೆದುಕೊಂಡು, ಒದರಿ, ತೊಟ್ಟಿಲಲ್ಲಿ ಮತ್ತೆ ಹಾಸಿ, ಕೂಸನ್ನು ಇಸಿದುಕೊಂಡು ಮಲಗಿಸಿದಳು. ಆತುರವೂ ಇಲ್ಲ, ಅಬ್ಬರವೂ ಇಲ್ಲ.

"ನಾಳಿ ನಾ ತೆಗೀತೀನಿ," ಅಂದರು ಬೀಗಿತಿ.

"ನಾಳಿ ಮತ್ತ ಹಾಸ್ತೀನ್ರಿ ಅತ್ತಿ," ಅಂದಳು ಮಗಳು.

ಬೀಗಿತಿ ಊಟಕ್ಕೆ ಎಲೆ ಹಾಕಿರಿ ಎಂದು ಅಡುಗೆಮನೆಗೆ ಹೋದರು. ಒಪ್ಪಿಕೊಂಡು ಹೋದದ್ದಲ್ಲ. ಆ ಕೂಸು ತೊಟ್ಟಿಲು ಬಿಡುವವರೆಗೂ ಅವರು ತೆಗೆಯುವುದು, ಇವಳು ಹಾಸುವುದು ನಡೆದೇ ಇತ್ತು. ಬೀಗಿತಿ ಇವತ್ತಿಗೂ ತಾವು ಮಾಡಿದ್ದೇ ಸರಿ ಅನ್ನುತ್ತಾರೆ. ಅನ್ನಲಿ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾನು ತೊಟ್ಟಿಲ ಪಕ್ಕ ಕೂತು ಕುರುಗೋಡಿಗೆ ಫೋನ್ ಮಾಡಿದೆ. ಸೊಸೆ ಫೋನ್ ಒಯ್ದು ಆಕೆಯ ಕೈಗೆ ಕೊಟ್ಟಳು. ಆಕೆ ಕ್ಷೇಮ ಸಮಾಚಾರ ಕೇಳಲಿಲ್ಲ. ಹೇಳಿದಿರೇನು ಎಂದು ಕೇಳಿದಳು. ಹೇಳಿದೆ ಅಂದೆ. ಯಾವ ಕೈ ಅಂತಲೂ ಹೇಳಿದಿರೇನು ಎಂದು ಕೇಳಿದಳು. ಅದನ್ನೂ ಹೇಳಿದೆ, ಅವರು ತೆಗೆದರು, ಮಗಳು ಮತ್ತೆ ಹಾಸಿದಳು ಎಂದು ಒಂದೇ ಉಸಿರಿಗೆ ಅಂದೆ. ಆ ಕಡೆ ಸದ್ದೇ ಇಲ್ಲ. ಲೈನು ಕಟ್ಟಾಯಿತೇನೋ ಎಂದು ಜೋರಾಗಿ ಹಲೋ ಹಲೋ ಅಂದೆ.

"ಕೂಸು ಏನ್ ಮಾಡಾಕತ್ತೈತಿ?" ಎಂದು ಕೇಳಿದಳು.

"ಮಲಗೈತ್ರಿ. ಅದರ ಮ್ಯಾಲಾ."

"ಹಂಗಾರ ಮೆಲ್ಲಕ ಮಾತಾಡ್ರಿ," ಅಂದಳು. "ಎಬ್ಬಿಸಿ ಗಿಬ್ಬಿಸೀರಿ."